ಹಳೆ ಕಾರು, ಹೊಸ ಷಟ್ಪಥ: ಓಟದ ಖುಷಿಗೆ ಕಾಸರಗೋಡಿನಲ್ಲಿ ಜಾಗ ಎಲ್ಲಿದೆ?

ಭಾನುವಾರ ಬೆಳಗ್ಗೆ ಐದೂವರೆ. ಕುಂಬಳೆ ಕಡೆಯ ಷಟ್ಪಥದ ಅಂಚಿನಲ್ಲಿ ನಿಂತಿದ್ದೆ. ದೂರದಿಂದ ಒಂದು ಸದ್ದು ಬಂತು. ಲಾರಿಯದ್ದಲ್ಲ, ಈಗಿನ ಕಾರಿನದ್ದೂ ಅಲ್ಲ. ಕಾರ್ಬುರೇಟರ್ ಗಾಳಿ ಎಳೆಯುವ, ಸ್ವಲ್ಪ ಗಂಟಲು ಕಟ್ಟಿದ ಹಾಗಿನ ಸದ್ದು. ಹತ್ತಿರ ಬಂದಾಗ ಕಂಡದ್ದು ಪ್ರೀಮಿಯರ್ ಪದ್ಮಿನಿ. ಅದರ ಹಿಂದೆ ಒಂದು ಅಂಬಾಸಡರ್. ಕೊನೆಗೆ ಬಂಪರ್ ಬಿಚ್ಚಿದ ಹಳೆ ಮಾರುತಿ 800. ಮೂರೂ ಒಂದರ ಪಕ್ಕ ಒಂದು ನಿಂತವು. ಒಬ್ಬ ಹುಡುಗ ಮೊಬೈಲ್ ಹಿಡಿದುಕೊಂಡು ಡಿವೈಡರ್ ಹತ್ತಿದ. ಇನ್ನೊಬ್ಬ ಕೈ ಎತ್ತಿ ಇಳಿಸಿದ.

ಮೂರೂ ಕಾರು ನನ್ನ ಮುಂದೆ ಹಾದು ಹೋದಾಗ ನನಗೆ ಎರಡು ಭಾವನೆ ಒಟ್ಟಿಗೆ ಬಂದವು. ಒಂದು, ಖುಷಿ. ನಾನು ಹದಿನೆಂಟರಲ್ಲಿ ಕಾರು ಕಲಿತದ್ದೇ ಸೋದರಮಾವನ ಪದ್ಮಿನಿಯಲ್ಲಿ. ಈಗ ಅದೇ ಕಾರು ನನ್ನ ಮನೆಯಂಗಳದಲ್ಲಿದೆ. ಇನ್ನೊಂದು, ಹೆದರಿಕೆ. ಆ ಕಾರಿಗೆ ನಿಲ್ಲುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಕರ್ನಾಟಕ ಗಡಿಯ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಷಟ್ಪಥ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ವೇಗದ ಅರ್ಥವೇ ಬದಲಾಗಿದೆ. ಮೊದಲು ಇಲ್ಲಿನ ಹೆದ್ದಾರಿಯಲ್ಲಿ ಹೊಂಡ ತಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು. ಹಳೆ ಕಾರನ್ನು ಓಡಿಸುವ ಆಸೆ ಇದ್ದರೂ ರಸ್ತೆ ಬಿಡುತ್ತಿರಲಿಲ್ಲ. ಈಗ ರಸ್ತೆ ಬಿಡುತ್ತದೆ. ಕಾರು ಮಾತ್ರ ಅದೇ 50 ವರ್ಷ ಹಿಂದಿನದ್ದು. ಈ ಹೊಂದಾಣಿಕೆ ಇಲ್ಲದ ಜೋಡಿಯೇ ನನ್ನನ್ನು ಕಾಡುವ ವಿಷಯ. ಹುಡುಗರಿಗೆ ಬೈದು ಸುಮ್ಮನಾಗುವುದು ಸುಲಭ. ಆದರೆ ಅವರು ಹುಡುಕುತ್ತಿರುವ ಖುಷಿ ಏನು, ಅಪಾಯ ನಿಜವಾಗಿ ಎಲ್ಲಿದೆ, ಇದನ್ನು ಬೇರೆ ಹೇಗೆ ಮಾಡಬಹುದು ಅಂತ ಯಾರೂ ಕೂತು ಮಾತಾಡುತ್ತಿಲ್ಲ.

ಮೊದಲು ಖುಷಿಯ ಮಾತು. ಪದ್ಮಿನಿಯ ಎಂಜಿನ್ 1089 ಸಿಸಿ, ಶಕ್ತಿ ಸುಮಾರು 40 ಎಚ್‌ಪಿ. ಇವತ್ತಿನ ಸಣ್ಣ ಕಾರಿನಲ್ಲೂ ಇದಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಇಷ್ಟು ಕಡಿಮೆ ಶಕ್ತಿಯನ್ನು ಪೂರ್ತಿ ಬಳಸಿಕೊಳ್ಳುವುದರಲ್ಲೇ ರುಚಿ ಇದೆ. ಸ್ಟಿಯರಿಂಗ್ ಪಕ್ಕದ ಹ್ಯಾಂಡ್ ಗೇರನ್ನು ಸರಿಯಾದ ಹೊತ್ತಿಗೆ ಹಾಕಬೇಕು. ಮೊದಲ ಗೇರಿಗೆ ಸಿಂಕ್ರೊ, ಅಂದರೆ ವೇಗ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ, ಇಲ್ಲ. ಓಡುತ್ತಿರುವಾಗ ಅದಕ್ಕೆ ಇಳಿಸಬೇಕಾದರೆ ಕ್ಲಚ್ ಎರಡು ಸಲ ಒತ್ತಿ, ನಡುವೆ ಆಕ್ಸಿಲರೇಟರ್ ಕೊಟ್ಟು, ಎಂಜಿನ್ ವೇಗ ಹೊಂದಿಸಬೇಕು. ಆಗ ಗೇರು ಸದ್ದಿಲ್ಲದೆ ಕೂರುತ್ತದೆ. ತಪ್ಪಿದರೆ ಹಲ್ಲು ಕಡಿದ ಸದ್ದು ಇಡೀ ಕಾರಿಗೆ ಕೇಳುತ್ತದೆ. ತಿರುವಿನಲ್ಲಿ ಬಾಡಿ ಒಂದು ಕಡೆ ವಾಲುತ್ತದೆ. ಭಾರ ಯಾವ ಚಕ್ರದ ಮೇಲೆ ಬಿತ್ತು ಅಂತ ಸೊಂಟಕ್ಕೇ ಗೊತ್ತಾಗುತ್ತದೆ. ಬೆಂಚಿನಂತಹ ಸೀಟು, ಜಾರುತ್ತಾ ಕೂರಬೇಕು. ಗಂಟೆಗೆ 60 ಕಿಲೋಮೀಟರಿನಲ್ಲಿ ಸಿಗುವ ಈ ಅನುಭವ ಹೊಸ ಕಾರಿನಲ್ಲಿ 120 ದಾಟಿದರೂ ಸಿಗುವುದಿಲ್ಲ.

ಇನ್ನೊಂದು ಖುಷಿ ಕಾರು ನಿಂತಾಗಿನದ್ದು. ಪದ್ಮಿನಿಯ ತಯಾರಿ ನಿಂತು ಸುಮಾರು ಕಾಲು ಶತಮಾನ ಆಯಿತು. ಅಂಬಾಸಡರ್ 2014ರಲ್ಲಿ ನಿಂತಿತು. ಮುಂಬೈಯ ಕಾಳಿ-ಪೀಲಿ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಬಿಡಿಭಾಗ ಬೇಕೆಂದರೆ ಒಬ್ಬರಿಗೊಬ್ಬರು ಫೋನ್ ಮಾಡಬೇಕು. ಬ್ರೇಕಿನ ಒಂದು ವೀಲ್ ಸಿಲಿಂಡರಿಗಾಗಿ ನಾನು ಮಂಗಳೂರಿನ ಗುಜರಿ ಅಂಗಡಿಗಳಲ್ಲಿ ಒಂದು ಇಡೀ ದಿನ ಕಳೆದಿದ್ದೇನೆ. ಕೊನೆಗೆ ಅದು ಸಿಕ್ಕಿದ್ದು ನಮ್ಮದೇ ಪಕ್ಕದ ಊರಿನ ಒಬ್ಬ ಅಡಿಕೆ ಕೃಷಿಕರ ಅಟ್ಟದಲ್ಲಿ. ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ, ಚಾ ಕುಡಿಸಿ ಕಳಿಸಿದರು. ನನ್ನ ಕಾರು ನೋಡುವ ಮೆಕ್ಯಾನಿಕ್ ಇಚ್ಚನಿಗೆ 60 ದಾಟಿದೆ. ಸೀಟಿಗೆ ಕೂತು ಒಂದು ಸಲ ಸ್ಟಾರ್ಟ್ ಮಾಡಿದರೆ ಸಾಕು. "ಮಾಷ್ಟ್ರೇ, ಮೂರನೇ ವಾಲ್ವ್ ಟೈಟ್ ಉಂಟು" ಅಂತ ಹೇಳುತ್ತಾರೆ. ಹೆಚ್ಚಿನ ಸಲ ಅದೇ ಸರಿ ಇರುತ್ತದೆ. ಅವರ ನಂತರ ಈ ಕಿವಿ ಯಾರಿಗಿದೆ? ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆ ಕಾರುಗಳನ್ನು ಚಂದವಾಗಿ ಇಟ್ಟಿದ್ದಾರೆ. ನಮ್ಮ ಮಕ್ಕಳು ಶಾಲಾ ಪ್ರವಾಸದಲ್ಲಿ ನೋಡಿ ಬರುತ್ತಾರೆ. ಆದರೆ ಓಡದ ಕಾರಿಗೆ ಮೆಕ್ಯಾನಿಕ್ ಬೇಕಾಗುವುದಿಲ್ಲ. ಓಡುವ ಕಾರು ಇದ್ದರೆ ಮಾತ್ರ ಆ ವಿದ್ಯೆ ಉಳಿಯುತ್ತದೆ. ಅದಕ್ಕೇ ನಾನು ಈ ಹವ್ಯಾಸದ ಪರ.

ಇನ್ನು ಅಪಾಯ.

ಮೂರು ವರ್ಷದ ಹಿಂದೆ ಚೆರ್ಕಳ–ಜಾಲ್ಸೂರು ರಸ್ತೆಯ ಒಂದು ಇಳಿಜಾರಿನಲ್ಲಿ ನನ್ನ ಕಾಲ ಕೆಳಗಿನ ಬ್ರೇಕ್ ಪೆಡಲ್ ಮೆತ್ತಗಾಯಿತು. ಮುಂದಿನ ಗೆಳೆಯನ ಕಾರಿಗೆ ಸರಿಯಾಗಿ ಹೋಗಬೇಕೆಂದು ಸ್ವಲ್ಪ ಜೋರಾಗಿಯೇ ಬರುತ್ತಿದ್ದೆ. ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತಿದ್ದೆ. ನಾಲ್ಕನೆಯದ್ದೋ ಐದನೆಯದ್ದೋ ತಿರುವಿನಲ್ಲಿ ಪೆಡಲ್ ಕೆಳಗೆ ಹೋಯಿತು, ಕಾರು ನಿಲ್ಲಲಿಲ್ಲ. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಡಗಡೆಯ ಮಣ್ಣಿನ ದಿಬ್ಬಕ್ಕೆ ಕಾರನ್ನು ಒರಗಿಸಿ ನಿಲ್ಲಿಸಿದೆ. ಎದುರಿನಿಂದ ಬಸ್ಸು ಬಂದಿರಲಿಲ್ಲ, ಅಷ್ಟೇ. ಪಕ್ಕದಲ್ಲಿ ಮಗಳು ಕೂತಿದ್ದಳು. ಆ ದಿನದ ನಂತರ ನಾನು ರಸ್ತೆಯಲ್ಲಿ ಯಾರ ಜೊತೆಗೂ ಪೈಪೋಟಿ ಮಾಡಿಲ್ಲ.

ಹಾಗೆ ಯಾಕೆ ಆಗುತ್ತದೆ ಅಂತ ತಿಳಿದುಕೊಂಡರೆ ಒಳ್ಳೆಯದು. ಪದ್ಮಿನಿಯಂಥ ಹಳೆ ಕಾರುಗಳ ನಾಲ್ಕೂ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕ್. ಮುಚ್ಚಿದ ಡ್ರಮ್ಮಿನ ಒಳಗಿಂದ ಬ್ರೇಕ್ ಶೂಗಳು ಹೊರಕ್ಕೆ ಒತ್ತುತ್ತವೆ. ಪದೇ ಪದೇ ಒತ್ತಿದಾಗ ಡ್ರಮ್ ಕಾದು ಹಿಗ್ಗುತ್ತದೆ. ಹಿಗ್ಗಿದರೆ ಶೂನಿಂದ ದೂರ ಹೋಗುತ್ತದೆ. ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗೂ ಬಿಸಿಗೆ ಹಿಡಿತ ಬಿಡುತ್ತದೆ. ಡಿಸ್ಕ್ ಬ್ರೇಕ್ ಆದರೆ ಗಾಳಿಗೆ ತೆರೆದಿರುತ್ತದೆ, ಬೇಗ ತಣಿಯುತ್ತದೆ. ಇದರ ಮೇಲೆ ನಮ್ಮ ಹವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ಆಯಿಲ್ ಕಡಿಮೆ ಬಿಸಿಗೇ ಕುದಿಯುತ್ತದೆ, ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಮೆತ್ತಗಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಬ್ರೇಕ್ ಆಯಿಲ್ ಬದಲಿಸದೆ ಎರಡು ಮೂರು ವರ್ಷ ಓಡಿಸುವವರು ಎಷ್ಟು ಜನ! ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲ್ ತಳ್ಳುವ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಸಾಲು. ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು.

ವೇಗದ ಲೆಕ್ಕವೂ ಮೋಸದ್ದು. ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಹೋದರೆ ವೇಗ ಎರಡು ಪಟ್ಟು, ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. 80ರಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ತೆಂಗಿನ ಮರದ ಉದ್ದ ದಾಟಿರುತ್ತದೆ.

ಬಡಿದ ಮೇಲಿನ ಕಥೆ ಇನ್ನೂ ಗಂಭೀರ. "ಹಳೆ ಕಾರು, ಗಟ್ಟಿ ತಗಡು, ಏನೂ ಆಗುವುದಿಲ್ಲ" ಅಂತ ಹೇಳುವವರನ್ನು ನಾನು ಪ್ರತಿ ವರ್ಕ್‌ಶಾಪಿನಲ್ಲೂ ನೋಡಿದ್ದೇನೆ. ಈ ಮಾತು ಪೂರ್ತಿ ತಪ್ಪು. ಈಗಿನ ಕಾರಿನ ಮುಂಭಾಗವನ್ನು ಮುದುಡಲೆಂದೇ ಮಾಡಿರುತ್ತಾರೆ. ಅದು ಮುದುಡುವಾಗ ಪೆಟ್ಟಿನ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಹಳೆ ಕಾರಿನ ತಗಡು ಹಾಗೆ ಲೆಕ್ಕ ಹಾಕಿ ಮುದುಡುವುದಿಲ್ಲ, ಪೆಟ್ಟು ಒಳಗೆ ಕೂತವರಿಗೆ ಬರುತ್ತದೆ. ಸ್ಟಿಯರಿಂಗ್ ಕಂಬ ಒಂದೇ ಉದ್ದ ಕಬ್ಬಿಣ, ಎದೆಗೆ ನೇರ. ಸೀಟಿಗೆ ತಲೆ ಆನಿಸುವ ದಿಂಬು ಇಲ್ಲ. ನಮ್ಮ ದೇಶದಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾದದ್ದೇ 1994ರ ನಂತರದ ಕಾರುಗಳಿಗೆ. ಜೊತೆಗೆ ಕಡಲ ಉಪ್ಪುಗಾಳಿ. ಮೇಲೆ ಹೊಸ ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ತಗಡಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತದೆ. ಮ್ಯಾಟು ಎತ್ತಿ ನೋಡದೆ ಹಳೆ ಕಾರು ಕೊಳ್ಳಬೇಡಿ.

ಈಗ ಹೊಸದಾಗಿ ಸೇರಿದ್ದು ಎಥೆನಾಲ್ ಪೆಟ್ರೋಲ್. 20 ಶೇಕಡಾ ಮಿಶ್ರಣವನ್ನು 2030ರ ಬದಲು 2025ರಲ್ಲೇ ಮುಟ್ಟಿದ್ದೇವೆ. ಹಳೆ ಕಾರಿನ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಬುರೇಟರಿನ ವಾಷರು ಇದಕ್ಕಾಗಿ ಮಾಡಿದ್ದಲ್ಲ. ಅವು ಉಬ್ಬುತ್ತವೆ, ಬಿರುಕು ಬಿಡುತ್ತವೆ. ಎಥೆನಾಲ್ ನೀರನ್ನೂ ಹೀರುತ್ತದೆ, ಟ್ಯಾಂಕಿನೊಳಗೆ ತುಕ್ಕು ಬರುತ್ತದೆ. ಸುಮ್ನೆ ಪೇಟೆಗೆ ಹೋಗಿ ಬರುವ ಕಾರಿನಲ್ಲಿ ಇದು ಮೈಲೇಜಿನ ತೊಂದರೆ. ಜೋರಾಗಿ ಓಡಿ ಕಾದ ಎಂಜಿನ್ ಮೇಲೆ ಬಿರುಕು ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಅದು ಬೆಂಕಿ. ಪೈಪು ಬದಲಿಸಲು ಖರ್ಚಾಗುವುದು ಕೆಲವು ನೂರು ರೂಪಾಯಿ. ಡಿಕ್ಕಿಯಲ್ಲಿ ಅಲ್ಲ, ಕೈಗೆ ಸಿಗುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು.

ಹಾಗಾದರೆ ಕಾರನ್ನು ಓಟಕ್ಕೆ ತಕ್ಕ ಹಾಗೆ ಗಟ್ಟಿ ಮಾಡಿದರೆ ಆಯಿತಲ್ವಾ? ಒಳಗೆ, ಕಾರು ಮಗುಚಿದರೂ ಕೂತವರನ್ನು ಕಾಯುವ ಉಕ್ಕಿನ ಕೊಳವೆಯ ರೋಲ್ ಕೇಜ್, ರೇಸಿಂಗ್ ಸೀಟು, ಐದಾರು ಪಟ್ಟಿಯ ಬೆಲ್ಟ್, ಮುಂದೆ ಡಿಸ್ಕ್ ಬ್ರೇಕ್. ಹೌದು, ಓಟಕ್ಕೆ ಅದೇ ಬೇಕು. ಆದರೆ ಇಲ್ಲೇ ಗಂಟು ಇರುವುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದದ್ದೂ ಕೇರಳದಿಂದ ಹೋದ ಪ್ರಕರಣದಲ್ಲೇ. ಇನ್ನು 2021ರ ವಿಂಟೇಜ್ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ, ಸ್ವಂತ ಬಳಕೆಯ ವಾಹನ ಮಾತ್ರ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ 'ವಿಎ' ಅಕ್ಷರ. ಅಂಥ ಕಾರು ರಸ್ತೆಗೆ ಇಳಿಯಬಹುದಾದದ್ದು ಪ್ರದರ್ಶನ, ವಿಂಟೇಜ್ ರ್‍ಯಾಲಿ, ರಿಪೇರಿ, ಪೆಟ್ರೋಲ್ ಇಂತಹ ಕೆಲಸಕ್ಕೆ ಮಾತ್ರ. ಪದ್ಮಿನಿ ಹೆಸರಿನ ಮೊದಲ ಕಾರುಗಳು ಈಗಷ್ಟೇ ಈ 50ರ ಗೆರೆ ದಾಟುತ್ತಿವೆ.

ಅಂದರೆ ಕಾರು ಮೂಲ ರೂಪದಲ್ಲಿದ್ದರೆ ಓಟಕ್ಕೆ ಸುರಕ್ಷಿತವಲ್ಲ. ಓಟಕ್ಕೆ ಸುರಕ್ಷಿತ ಮಾಡಿದರೆ ರಸ್ತೆಗೆ ಕಾನೂನುಬದ್ಧವಲ್ಲ, ವಿಂಟೇಜೂ ಅಲ್ಲ. ಒಂದೇ ಕಾರು ಎರಡೂ ಆಗುವುದಿಲ್ಲ. ನಮ್ಮ ಹುಡುಗರು ಮಾಡುವ ದೊಡ್ಡ ತಪ್ಪು ಇಲ್ಲಿ. ಅರ್ಧ ಅರ್ಧ ಮಾಡುತ್ತಾರೆ. ಎಂಜಿನ್ ಶಕ್ತಿ ಏರಿಸುತ್ತಾರೆ, ಬ್ರೇಕ್ ಹಾಗೇ ಬಿಡುತ್ತಾರೆ. ಊರ ವೆಲ್ಡಿಂಗ್ ಶಾಪಿನಲ್ಲಿ ನೀರಿನ ಪೈಪಿನಿಂದ ಕೇಜ್ ಮಾಡಿಸಿ, ಹೆಲ್ಮೆಟ್ ಇಲ್ಲದೆ ಕೂರುತ್ತಾರೆ. ಅಪಘಾತದಲ್ಲಿ ತಲೆ ಹೋಗಿ ಬಡಿಯುವುದು ಅದೇ ಬರಿ ಪೈಪಿಗೆ. ಇಂಥ ಕೇಜ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಟ್ರ್ಯಾಕಿನಲ್ಲಿ ಎಲ್ಲ ವ್ಯವಸ್ಥೆ ಇದ್ದರೂ ಅಪಾಯ ಸೊನ್ನೆ ಆಗುವುದಿಲ್ಲ, ಇದನ್ನೂ ಮುಚ್ಚಿಡಬಾರದು. 2023ರ ಜನವರಿ 8ರಂದು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಕಾರ್ ರೇಸಿನ ನಡುವೆ ಕೆ.ಇ. ಕುಮಾರ್ ತೀರಿಕೊಂಡರು. ಅವರಿಗೆ 59 ವರ್ಷ, ದೀರ್ಘ ಅನುಭವ. ಇನ್ನೊಂದು ಕಾರಿಗೆ ತಾಗಿ ಅವರ ಕಾರು ಟ್ರ್ಯಾಕ್ ಬಿಟ್ಟು ಬೇಲಿಗೆ ಬಡಿದು ಮಗುಚಿತ್ತು. ವೈದ್ಯರು, ಆಂಬುಲೆನ್ಸ್, ಮಾರ್ಷಲ್‌ಗಳು ಇರುವ ಜಾಗದಲ್ಲೇ ಹೀಗಾಯಿತು. ನಮ್ಮ ಷಟ್ಪಥದಲ್ಲಿ ಬೆಳಗ್ಗೆ ಐದೂವರೆಗೆ ಯಾರಿದ್ದಾರೆ? ದೊಡ್ಡ ಪೆಟ್ಟಾದರೆ ಇಲ್ಲಿನವರು ಇವತ್ತಿಗೂ ಓಡುವುದು ಮಂಗಳೂರಿಗೆ. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಈ ದಾರಿ ನಮಗೆ ಏನು ಎಂಬುದು ಇಡೀ ದೇಶಕ್ಕೆ ಗೊತ್ತಾಯಿತು.

ಕಾನೂನಿನ ಬಗ್ಗೆ ಎರಡೇ ಮಾತು. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಅದೇ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್. ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 1 ವರ್ಷ ಅಥವಾ 10,000. ಆದರೆ ಜನ ಮರೆಯುವುದು ವಿಮೆಯನ್ನು. ನಿಮ್ಮ ಪಾಲಿಸಿ ತೆಗೆದು 'ಬಳಕೆಯ ಮಿತಿ' ಎಂಬ ಸಾಲು ಓದಿ. ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ತಾಳಿಕೆಯ ಪರೀಕ್ಷೆ) ಇವನ್ನೆಲ್ಲ ಹೊರಗಿಟ್ಟಿರುತ್ತಾರೆ. ದಾರಿಹೋಕನಿಗೆ ಏನಾದರೂ ಆದರೆ, ಆ ಮನೆಗೆ ಕೊಡಬೇಕಾದ ಪರಿಹಾರದ ಹೊರೆ ನಿಮ್ಮ ಮನೆ, ತೋಟದ ಮೇಲೆ ಬೀಳಬಹುದು. ಬೆಳಗ್ಗೆ ಮದ್ರಸಕ್ಕೆ, ಹಾಲಿನ ಡೈರಿಗೆ, ಮೀನಿಗೆ ಹೋಗುವವರು ಇದೇ ರಸ್ತೆ ಬದಿಯಲ್ಲಿ ಇರುತ್ತಾರೆ. ಅವರು ಈ ಆಟಕ್ಕೆ ಒಪ್ಪಿಗೆ ಕೊಟ್ಟವರಲ್ಲ. ಚಾಲಕ ತನ್ನ ಜೀವದ ಬಗ್ಗೆ ತಾನೇ ತೀರ್ಮಾನ ಮಾಡಬಹುದು, ಅವರದ್ದರ ಬಗ್ಗೆ ಮಾಡುವಂತಿಲ್ಲ.

ಇಟಲಿಯ ಮಿಲ್ಲೆ ಮಿಲ್ಯಾ ಓಟದ ಕಥೆ ಇಲ್ಲಿ ನೆನಪಿಗೆ ಬರುತ್ತದೆ. 1927ರಿಂದ ಊರ ರಸ್ತೆಗಳಲ್ಲೇ ನಡೆಯುತ್ತಿದ್ದ ಸಾವಿರ ಮೈಲಿಯ ಓಟ ಅದು. 1957ರಲ್ಲಿ ಒಂದು ಕಾರು ಜನರ ಮೇಲೆ ಹೋಯಿತು. ಚಾಲಕ, ಸಹಚಾಲಕ ಮಾತ್ರ ಅಲ್ಲ, ರಸ್ತೆ ಬದಿಯಲ್ಲಿ ನಿಂತ 9 ಮಂದಿ ಸತ್ತರು. ಅವರಲ್ಲಿ 5 ಮಕ್ಕಳು. ವೇಗದ ಓಟ ಅಲ್ಲಿಗೆ ನಿಂತಿತು. 1977ರಲ್ಲಿ ಅದು ಮತ್ತೆ ಬಂತು, ಆದರೆ ಬೇರೆ ರೂಪದಲ್ಲಿ. 1927ರಿಂದ 1957ರವರೆಗಿನ ಮಾದರಿಯ ಕಾರುಗಳೇ ಬರುತ್ತವೆ. ಗೆಲ್ಲುವವರು ಜೋರಾಗಿ ಹೋದವರಲ್ಲ, ಹೇಳಿದ ಸಮಯಕ್ಕೆ ಸರಿಯಾಗಿ ಹೋದವರು.

ನಮ್ಮಲ್ಲಿ ಇದನ್ನು ಟಿಎಸ್‌ಡಿ ರ್‍ಯಾಲಿ ಎನ್ನುತ್ತಾರೆ. ಸಮಯ, ವೇಗ, ದೂರ ಇವುಗಳ ಲೆಕ್ಕ. ಒಬ್ಬರು ಓಡಿಸುವುದು, ಪಕ್ಕದಲ್ಲಿ ಒಬ್ಬರು ದಾರಿಪಟ್ಟಿ ಹಿಡಿದು ಲೆಕ್ಕ ಹಾಕುವುದು. ಗಂಟೆಗೆ ಸರಾಸರಿ 30 ಕಿಲೋಮೀಟರ್ ಎಂದರೆ 30. ಎಲ್ಲೋ ಅಡಗಿ ಕೂತ ತಪಾಸಣಾ ಕೇಂದ್ರಕ್ಕೆ ಬೇಗ ಬಂದರೂ ತಪ್ಪು, ತಡವಾದರೂ ತಪ್ಪು. ಕುಂಬಳೆಯಿಂದ ಸೀತಾಂಗೋಳಿ, ಬದಿಯಡ್ಕ, ಮುಳ್ಳೇರಿಯಾ, ಬೋವಿಕ್ಕಾನ ಮಾಡಿ ಚೆರ್ಕಳಕ್ಕೆ ಇಳಿಯುವ ದಾರಿಯನ್ನು ಯೋಚಿಸಿ. ಏರು, ಇಳಿಜಾರು, ಅಡಿಕೆ ತೋಟದ ನೆರಳು, ಶಾಲೆ ಹತ್ತಿರ ಸಹಜವಾಗಿ ನಿಧಾನ. ಅಲ್ಲಿ ಒಂದು ಪದ್ಮಿನಿಯನ್ನು ಸೆಕೆಂಡಿನ ಲೆಕ್ಕದಲ್ಲಿ ನಡೆಸುವುದು ಷಟ್ಪಥದಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿಯುವುದಕ್ಕಿಂತ ಎಷ್ಟೋ ಕಷ್ಟ. ಪೊಲೀಸ್ ಅನುಮತಿ ಬೇಕು, ಸಂಘಟಕರು ಬೇರೆ ವಿಮೆ ಮಾಡಿಸಬೇಕು. ಆದರೆ ಕಾರಿನ ಮೂಲ ರೂಪಕ್ಕೆ ಕೈ ಹಾಕಬೇಕಾಗಿಲ್ಲ.

ಜೋರಾಗಿಯೇ ಹೋಗಬೇಕು ಎನ್ನುವವರಿಗೆ? ಅವರಿಗೆ ನಮ್ಮ ಪದವುಗಳಿವೆ. ಮುರಕಲ್ಲಿನ (ಕೆಂಪುಕಲ್ಲಿನ) ಸಮತಟ್ಟು ನೆಲ, ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿರುತ್ತದೆ. ಅಂಥಲ್ಲಿ ಆಟೋಕ್ರಾಸ್ ಮಾಡಬಹುದು. ಕೋನ್ ಇಟ್ಟು ದಾರಿ ಗುರುತು ಮಾಡುವುದು, ಒಂದು ಸಲಕ್ಕೆ ಒಂದೇ ಕಾರು, ಗಡಿಯಾರದ ಜೊತೆ ಪೈಪೋಟಿ. ಇನ್ನೊಂದು ಕಾರಿಗೆ ತಾಗುವ ಪ್ರಶ್ನೆಯೇ ಇಲ್ಲ. ತಿರುವುಗಳನ್ನು ಹತ್ತಿರ ಹತ್ತಿರ ಇಟ್ಟರೆ ಯಾರೂ 60 ದಾಟುವುದಿಲ್ಲ. ಜಾರಿದರೆ ಕೋನ್ ಬೀಳುತ್ತದೆ, ಅಷ್ಟೇ.

ಇದು ನಮಗೆ ಹೊಸ ವಿಷಯವೂ ಅಲ್ಲ. ಪೈವಳಿಕೆಯ ಕಂಬಳ ನೋಡಿದವರು ನೆನಪು ಮಾಡಿಕೊಳ್ಳಿ. ಓಟ ಶುರುವಾಗುವ ಗಂತಿನಿಂದ ಹೊರಟ ಕೋಣಗಳು ಓಟ ಮುಗಿಯುವ ಮಂಜೊಟ್ಟಿಗೆ ಬಂದು ನಿಲ್ಲುತ್ತವೆ. ಮಂಜೊಟ್ಟಿ ಏರಾಗಿರುತ್ತದೆ. ಕೆಸರು ಬಿಟ್ಟು ಮೇಲೆ ಹತ್ತುವಾಗ ಕೋಣಗಳ ಓಟ ತಾನೇ ಕುಗ್ಗುತ್ತದೆ. ಓಡುವ ಜೀವಕ್ಕೆ ನಿಲ್ಲಲು ಜಾಗ ಬೇಕು ಅಂತ ನಮ್ಮ ಹಿರಿಯರು ಮೊದಲೇ ಯೋಚಿಸಿ ಕರೆ (ಕೋಣ ಓಡುವ ಕೆಸರಿನ ದಾರಿ) ಕಟ್ಟಿದ್ದಾರೆ. ಜೋಡುಕರೆಯಲ್ಲಿ ಒಂದು ಜೋಡಿಯ ದಾರಿಗೆ ಇನ್ನೊಂದು ಬರುವುದಿಲ್ಲ. ಜನ ಎಲ್ಲಿ ನಿಲ್ಲಬೇಕೆಂಬುದಕ್ಕೂ ಗೆರೆ ಇದೆ. ಈಗ ಸಮಯ ಅಳೆಯಲು ಲೇಸರ್ ಕೂಡ ಬಂದಿದೆ. ರೇಸ್ ಟ್ರ್ಯಾಕ್ ಕಟ್ಟುವವರು ಓಟದ ಹೊರಗೆ ಬಿಡುವ ಮಣ್ಣಿನ, ಜಲ್ಲಿಯ ಖಾಲಿ ಜಾಗ ಇದೇ ಮಂಜೊಟ್ಟಿಯ ಕೆಲಸ ಮಾಡುತ್ತದೆ. ಷಟ್ಪಥಕ್ಕೆ ಮಂಜೊಟ್ಟಿ ಇಲ್ಲ. ಅದರ ಅಂಚಿನಲ್ಲಿ ಕಾಂಕ್ರೀಟ್ ಗೋಡೆ, ಆಚೆ ಸರ್ವಿಸ್ ರಸ್ತೆ, ಅಲ್ಲಿ ಶಾಲೆ ಮಕ್ಕಳು.

ಪೂರ್ತಿ ರೇಸಿಂಗ್ ಬೇಕೆಂಬ ಹಟ ಇದ್ದರೆ ಕೊಯಮತ್ತೂರಿಗೆ ಹೋಗಬೇಕು. ಅಲ್ಲಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರ್ ಉದ್ದದ ಟ್ರ್ಯಾಕ್, 2003ರಲ್ಲಿ ತೆರೆಯಿತು. ಅದಕ್ಕೆ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. ಮನೆ ಮನೆಯ ಮಾರುತಿ 800ರ ಎಂಜಿನನ್ನೇ ಹಾಕಿ ಫಾರ್ಮುಲಾ ಮಾರುತಿ ಎಂಬ ರೇಸ್ ಕಾರು ಮಾಡಿ, ದುಡ್ಡಿಲ್ಲದ ಹುಡುಗರಿಗೂ ಓಟದ ಬಾಗಿಲು ತೆರೆದವರು ಅವರು. ದೊಡ್ಡ ಎಂಜಿನ್ ಬೇಕಿಲ್ಲ, ಸರಿಯಾದ ಜಾಗ ಮತ್ತು ನಿಯಮ ಬೇಕು ಅಂತ ತೋರಿಸಿದರು. ರೇಸಿನಲ್ಲಿ ಭಾಗವಹಿಸಲು ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐಯ ಲೈಸೆನ್ಸ್ ಬೇಕು, ವೈದ್ಯರ ತಪಾಸಣೆ ಬೇಕು, ಬೆಂಕಿ ತಾಳುವ ಬಟ್ಟೆ, ಕಾರ್ ರೇಸಿನ ಹೆಲ್ಮೆಟ್, ಕುತ್ತಿಗೆ ಕಾಯುವ ಸಾಧನ ಬೇಕು. ಬೈಕಿನ ಹೆಲ್ಮೆಟ್ ಸಾಲದು, ಅದರ ಒಳಪದರ ಬೆಂಕಿ ತಾಳಲೆಂದು ಮಾಡಿದ್ದಲ್ಲ. ಖರ್ಚು ಇದೆ, ನಿಜ. ಅದಕ್ಕೇ ಊರಲ್ಲಿ ಆಟೋಕ್ರಾಸ್ ಬೇಕು ಎನ್ನುವುದು.

ನನ್ನ ಬೇಡಿಕೆ ದೊಡ್ಡದಲ್ಲ. ಡಿಸೆಂಬರಿನಿಂದ ಏಪ್ರಿಲ್ ಒಳಗೆ ವರ್ಷಕ್ಕೆ ಎರಡು ಭಾನುವಾರ, ಒಂದು ಪದವು, ಒಂದು ಆಂಬುಲೆನ್ಸ್, ಜನ ದೂರ ನಿಲ್ಲಲು ಹಗ್ಗ, ಬ್ರೇಕ್ ಮತ್ತು ಪೆಟ್ರೋಲ್ ಪೈಪು ನೋಡಿ ಒಳಗೆ ಬಿಡುವ ಒಬ್ಬ ಅನುಭವಿ ಮೆಕ್ಯಾನಿಕ್. ಪಂಚಾಯತಿನವರು, ಪೊಲೀಸರು, ನಮ್ಮಂಥ ಹಳೆ ಕಾರಿನವರು ಒಂದು ಸಂಜೆ ಕೂತು ಮಾತಾಡಿದರೆ ಆಗುವ ಕೆಲಸ.

ಆ ಭಾನುವಾರ ಪದ್ಮಿನಿ ಓಡಿಸಿದ ಹುಡುಗನನ್ನು ನಾನು ಮಾತಾಡಿಸಿದೆ. ಡಿಗ್ರಿ ಓದುತ್ತಿದ್ದಾನೆ, ಕಾರು ಅಜ್ಜನದ್ದು. "ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು?" ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮುಂದಿನ ಶನಿವಾರ ಇಚ್ಚನ ವರ್ಕ್‌ಶಾಪಿಗೆ ಬಾ ಅಂದೆ. ಬಂದ. ಡ್ರಮ್ ಬಿಚ್ಚಿದಾಗ ಹಿಂದಿನ ಎಡ ಚಕ್ರದ ಲೈನಿಂಗ್ ಪೂರ್ತಿ ಸವೆದು, ರಿವೆಟ್ ಕಾಣುತ್ತಿತ್ತು. ಅವನು ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದ. ಈಗ ಪ್ರತಿ ಶನಿವಾರ ಬರುತ್ತಾನೆ. ಶೂ ಜೋಡಿಸಲು ಇಚ್ಚ ಅವನಿಗೇ ಸ್ಪ್ಯಾನರ್ ಕೊಟ್ಟಿದ್ದಾರೆ.